ಕಲ್ಲಂಗಡಿ: ಹೂವಿನಿಂದ ಹಣ್ಣಿಗೆ

ಮಕ್ಕಳೇ, ಹಿತ್ತಲಿನ ಕಲ್ಲಂಗಡಿ ಬಳ್ಳಿಯ ಮೊದಲ ಹೂಗಳು ಕಾಯಿ ಕಟ್ಟದೆ ಉದುರಿದವೇ? ಬಳ್ಳಿ ಕೀಳಬೇಡಿ. ಅವು ಸಾಮಾನ್ಯವಾಗಿ ಗಂಡು ಹೂಗಳು. ಕೆಲವು ದಿನಗಳ ನಂತರ ಹೆಣ್ಣು ಹೂಗಳು ಬರುತ್ತವೆ. ಅವುಗಳ ದಳಗಳ ಕೆಳಗೆ ಪುಟ್ಟ ಕಾಯಿಯಂತೆ ಕಾಣುವ ಅಂಡಾಶಯವಿರುತ್ತದೆ.

ಹೆಣ್ಣು ಹೂವು ಅರಳಿರುವುದು ಒಂದೇ ದಿನ. ಅಷ್ಟರಲ್ಲಿ ಗಂಡು ಹೂವಿನ ಪರಾಗ ಅದನ್ನು ಸೇರಬೇಕು. ಈ ಕೆಲಸವನ್ನು ಜೇನುನೊಣಗಳು ಮಾಡುತ್ತವೆ. ಆದ್ದರಿಂದ ಹೂ ಬಿಟ್ಟಾಗ ಕೀಟನಾಶಕ ಸಿಂಪಡಿಸಬಾರದು. ಜೇನುನೊಣ ಕಾಣದಿದ್ದರೆ ಬೆಳಿಗ್ಗೆ ಗಂಡು ಹೂವೊಂದನ್ನು ಕಿತ್ತು, ಹೆಣ್ಣು ಹೂವಿನ ನಡುವೆ ಮೃದುವಾಗಿ ಸವರಿ.

ಕಿತ್ತ ಮೇಲೆ ಕಲ್ಲಂಗಡಿಯ ಸಿಹಿ ಹೆಚ್ಚುವುದಿಲ್ಲ, ಅವಸರ ಬೇಡ. ಕಾಯಿ ಕಟ್ಟಿದ ಸುಮಾರು 30–40 ದಿನಗಳ ನಂತರ ಗಮನಿಸಿ. ತೊಟ್ಟಿನ ಬಳಿಯ ಸುರುಳಿ ಎಳೆ ಒಣಗಿ, ನೆಲಕ್ಕೆ ತಾಗಿದ ಭಾಗ ಹಳದಿಯಾಗಿದ್ದರೆ ಹಣ್ಣು ಕೊಯ್ಲಿಗೆ ಸಿದ್ಧ.

ಮಾಡಿ ನೋಡಿ: ಒಂದು ವಾರ ಗಂಡು, ಹೆಣ್ಣು ಹೂಗಳನ್ನು ಎಣಿಸಿ ಬರೆದಿಡಿ.