ಗಲ್ಲೆಯ ಮೇಲಿನ ಕಪ್ಪೆ

ತಮ್ಮಾ, ನೀನು ಯಾದಗಿರಿಯಲ್ಲಿ ಅಂಗಡಿ ತೆರೆದೆ, ನನಗೆ ಬಹಳ ಸಂತೋಷ. ಗಲ್ಲೆಯ ಮೇಲೆ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ಕೂರಿಸಿದ್ದೀಯ. ಪಕ್ಕದಲ್ಲಿ ನಗುವ ಬುದ್ಧ. ಬಾಗಿಲಿಗೆ ಕೆಂಪು ದಾರದಲ್ಲಿ ಪೋಣಿಸಿದ ಚೀನೀ ನಾಣ್ಯ. ಕೈ ಆಡಿಸುವ ಬೆಕ್ಕೂ ಬಂದಿದೆ. ಆ ಬೆಕ್ಕು ಚೀನಾದ್ದಲ್ಲಪ್ಪಾ, ಜಪಾನಿನದು. ಮಾರಿದವನು ಹೇಳಲಿಲ್ಲ, ನೀನೂ ಕೇಳಲಿಲ್ಲ. ಬೀಗತನ ಮಾಡುವಾಗ ಏಳು ತಲೆಮಾರು ವಿಚಾರಿಸುವ ಮನೆತನದ ಹುಡುಗ, ಅಂಗಡಿಗೆ ಕರೆತಂದವರನ್ನೂ ಒಂದಿಷ್ಟು ವಿಚಾರಿಸಬೇಡವೇ?

ಚೀನಾದ ಕಥೆಯಲ್ಲಿ ಆ ಕಪ್ಪೆ ದೊಡ್ಡ ಆಸೆಬುರುಕ. ಲಿಯು ಹಾಯ್ ಎಂಬವನು ಬಾವಿಗೆ ನಾಣ್ಯದ ಸರ ಇಳಿಬಿಟ್ಟ, ಕಪ್ಪೆ ಅದನ್ನು ಕಚ್ಚಿ ಮೇಲೆ ಬಂತು, ಸಿಕ್ಕಿಬಿತ್ತು. ಹಿಡಿದವನೋ, ಮಂತ್ರಿ ಪದವಿಯನ್ನೇ ಬಿಟ್ಟು ಸಾಧನೆಗೆ ಹೊರಟವನು. ಇನ್ನು ನಿನ್ನ ನಗುವ ಬುದ್ಧ ಗೌತಮ ಬುದ್ಧನಲ್ಲ. ಸುಮಾರು 1,100 ವರ್ಷದ ಹಿಂದೆ ಚೀನಾದಲ್ಲಿ ಹೆಗಲ ಮೇಲೆ ಬಟ್ಟೆಯ ಚೀಲ ಹಾಕಿಕೊಂಡು ಊರೂರು ಅಲೆದ ಬುದಾಯ್ ಎಂಬ ಬಡ ಸನ್ಯಾಸಿ. ಇರುವುದರಲ್ಲೇ ಖುಷಿಯಾಗಿದ್ದವನು. ಬುದ್ಧನನ್ನು ನೋಡಬೇಕೆನಿಸಿದರೆ ಶಹಾಪುರಕ್ಕೆ ಹೋಗಿ ಬಾ. ಅಲ್ಲಿನ ಬೆಟ್ಟಸಾಲೇ ಮಲಗಿದ ಬುದ್ಧನಾಗಿ ಕಾಣುತ್ತದೆ.

ನಂಬಬೇಡ ಅನ್ನುತ್ತಿಲ್ಲ. ಶಕುನ ನಮ್ಮಲ್ಲೂ ಇದೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಸಂಜೆ ಅವುಗಳನ್ನು ಓಡಿಸಿ ಕರಿ ಹರಿಯುತ್ತಾರಲ್ಲ? ಕೆಂದೆತ್ತು ಮುಂದಾದರೆ ಮುಂಗಾರಿ ಚಲೋ, ಬಿಳಿ ಎತ್ತು ಮುಂದಾದರೆ ಹಿಂಗಾರಿ ಚಲೋ ಅನ್ನುವ ಮಾತಿದೆ. ಆದರೆ ಬಿಳಿ ಎತ್ತು ಗೆದ್ದಿತೆಂದು ಸುರಪುರ ಸೀಮೆಯ ಯಾವ ರೈತನೂ ತೊಗರಿ ಬಿತ್ತುವುದನ್ನು ಬಿಟ್ಟಿಲ್ಲ. ಕಾರಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕರಿಮಣ್ಣು ಕಲಸಿ ಜೋಡೆತ್ತು ಮಾಡುತ್ತಾರೆ, ಅವುಗಳ ಮುಂದೆ ಗೋದಲಿಯನ್ನೂ ಮಾಡುತ್ತಾರೆ. ಪೂಜೆಗಿಟ್ಟ ಮಣ್ಣಿನ ಎತ್ತಿಗೂ ಮೇವಿನ ಚಿಂತೆ ಮಾಡಿದ ಜನ ನಮ್ಮವರು. ಕೊಟ್ಟಿಗೆಯ ಎತ್ತನ್ನು ಉಪವಾಸ ಕೆಡವಿ ಮಣ್ಣೆತ್ತಿಗೆ ಆರತಿ ಎತ್ತಿದವನನ್ನು ಊರು ಸುಮ್ಮನೆ ಬಿಡುತ್ತಿರಲಿಲ್ಲ.

ನಿನ್ನ ಕೊಟ್ಟಿಗೆಯ ಎತ್ತು ಯಾವುದು ಗೊತ್ತೇನು? ಉದ್ರಿ ವಹಿ. ಅದನ್ನು ತೆರೆದು ಎಷ್ಟು ದಿನವಾಯಿತು? ಗಿರಾಕಿ ನಿಂತಿರುವಾಗ ಮೊಬೈಲ್ ನೋಡುತ್ತೀಯ. ಬೆಳಗ್ಗೆ ಒಂಬತ್ತಕ್ಕೆ ತೆರೆಯಬೇಕಾದ ಬಾಗಿಲನ್ನು ಹನ್ನೊಂದಕ್ಕೆ ತೆರೆಯುತ್ತೀಯ. ನೀನು ಜಾಣ, ಮಾತು ಬಲ್ಲವನು, ತೂಕದಲ್ಲಿ ಮೋಸ ಮಾಡುವವನಲ್ಲ. ಇಷ್ಟು ಬಂಡವಾಳ ಇಟ್ಟುಕೊಂಡು ಕಪ್ಪೆಯ ಮುಖ ನೋಡುತ್ತ ಕೂರುವುದೇಕೆ?

ವಸೂಲಿಗೂ ಹೊತ್ತುಗೊತ್ತು ಇದೆ. ಹತ್ತಿ, ತೊಗರಿ ಮಾರಿದಾಗ ರೈತನ ಕೈಯಲ್ಲಿ ರೊಕ್ಕ ಆಡುತ್ತದೆ, ಆಗ ಮೆತ್ತಗೆ ಕೇಳು. ಬೀಜ, ಗೊಬ್ಬರಕ್ಕೆ ಒದ್ದಾಡುವ ಬಿತ್ತನೆಯ ದಿನಗಳಲ್ಲಿ ಜಬರ್ದಸ್ತಿ ಮಾಡಿದರೆ ರೊಕ್ಕವೂ ಬರುವುದಿಲ್ಲ, ಗಿರಾಕಿಯೂ ಉಳಿಯುವುದಿಲ್ಲ.

ಕಪ್ಪೆ ಇದ್ದಲ್ಲೇ ಇರಲಿ, ಚೆಂದ ಕಾಣುತ್ತದೆ. ನೀನು ಮಾತ್ರ ರಾತ್ರಿ ಬಾಗಿಲು ಹಾಕುವ ಮುಂಚೆ ಬಂದದ್ದು, ಹೋದದ್ದು, ಬರಬೇಕಾದದ್ದು ಮೂರನ್ನೂ ಬರೆದಿಡು. ನಾಳೆಯಿಂದ ಅನ್ನಬೇಡ ತಮ್ಮಾ, ಇವತ್ತೇ ಬರೆ.