ಡೆಂಗಿ ಜ್ವರವಿರುವ ಮಗನನ್ನು ಹಬ್ಬಕ್ಕೆ ಊರಿಗೆ ಕರೆದೊಯ್ಯಬಹುದೇ?

ವಿಜಯನಗರದ ತಾಯಿಯವರೇ, ಬೇಡ. ಡೆಂಗಿ ಮುಟ್ಟಿದರೆ ಹರಡುವ ಕಾಯಿಲೆಯಲ್ಲ ಎಂಬ ನಿಮ್ಮ ಮಾತು ಸರಿಯೇ. ಆದರೆ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ದಾಟುವುದೇ ಅಪರೂಪ; ವೈರಸ್ಸನ್ನು ಕೆಂಗೇರಿಗೋ ದೂರದ ಹಳ್ಳಿಗೋ ಹೊತ್ತೊಯ್ಯುವವರು ಮೆಟ್ರೊ, ಬಸ್ಸು ಹತ್ತುವ ನಾವೇ. ಜ್ವರದ ದಿನಗಳಲ್ಲಿ ಮಗನನ್ನು ಕಚ್ಚಿದ ಸೊಳ್ಳೆ ಒಂದೆರಡು ವಾರದಲ್ಲಿ ಊರಿನ ಅಜ್ಜಿಗೂ ರೋಗ ಅಂಟಿಸಬಲ್ಲದು. ರೋಗ ಹೀಗೆ ಪ್ರಯಾಣಿಸುವುದು ಹೊಸದಲ್ಲ: 1898ರಲ್ಲಿ ಪ್ಲೇಗ್ ಬೆಂಗಳೂರಿಗೆ ಬಂದದ್ದೂ ಹುಬ್ಬಳ್ಳಿ ಕಡೆಯಿಂದ, ರೈಲಿನಲ್ಲಿ. ‘ಊರಲ್ಲೂ ಸೊಳ್ಳೆ ಇದ್ದೇ ಇವೆಯಲ್ಲ’ ಎನ್ನಬಹುದು. ಸೊಳ್ಳೆಯಿದ್ದರೂ ವೈರಸ್ ಇಲ್ಲದಿದ್ದರೆ ಡೆಂಗಿ ಬರುವುದಿಲ್ಲ. ಮಗನಿಗೆ ಹಗಲಲ್ಲೂ ಸೊಳ್ಳೆಪರದೆ ಕಟ್ಟಿ. ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ರಕ್ತಸ್ರಾವ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಸೊಳ್ಳೆ ಹುಟ್ಟದಂತೆ ಸಂಪಿನ ಮುಚ್ಚಳವನ್ನೂ ಫ್ರಿಜ್ ಹಿಂದಿನ ನೀರಿನ ತಟ್ಟೆಯನ್ನೂ ಇವತ್ತೇ ನೋಡಿ.