ಹಂದಿಗೋಡು ರೋಗದ ಕಾರಣ ಶೋಧನೆ

ಶಿವಮೊಗ್ಗ ಜಿಲ್ಲೆಯ ಹಂದಿಗೋಡಿನಲ್ಲಿ ಹಲವರು ಸೊಂಟ, ಮಂಡಿಗಳ ನೋವಿನಿಂದ ನಡೆಯಲಾರದೆ ನರಳುತ್ತಿದ್ದುದು 1975ರ ಸುಮಾರಿಗೆ ವೈದ್ಯರ ಗಮನಕ್ಕೆ ಬಂದಿತು. ರೋಗಕ್ಕೆ ಹೆಸರಿರಲಿಲ್ಲ, ಊರ ಹೆಸರೇ ಅದಕ್ಕೆ ಹೆಸರಾಯಿತು. ಗದ್ದೆಯ ಕೀಟನಾಶಕವು ಏಡಿಗಳ ಮೂಲಕ ಅವನ್ನು ತಿಂದವರ ದೇಹವನ್ನು ಸೇರಿರಬೇಕೆಂದು ಮೊದಲು ಶಂಕಿಸಲಾಯಿತು. ಈ ಊಹೆಯನ್ನು ನಾವು ಒರೆಗೆ ಹಚ್ಚೋಣ. ವಿಷವೇ ಕಾರಣವಾದರೆ ರೋಗವು ಆಹಾರವನ್ನು ಅನುಸರಿಸಬೇಕು. ಆನುವಂಶಿಕತೆ ಕಾರಣವಾದರೆ ರಕ್ತಸಂಬಂಧವನ್ನು. ಸಂಶೋಧಕರು ಪೀಡಿತ ಕುಟುಂಬಗಳ ವಂಶವೃಕ್ಷಗಳನ್ನು ಬರೆದು ನೋಡಿದಾಗ, ಅದು ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದುದು ಕಂಡಿತು. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧದಷ್ಟು. ಕಾರಣ ತಿಳಿದೊಡನೆ ನೋವು ನೀಗಲಿಲ್ಲ. ಸವೆದ ಕೀಲು ಮರಳಿ ಬಲಿಯದು. ಆದರೂ 'ನಮಗೇಕೆ ಹೀಗಾಯಿತು?' ಎಂದು ಬಹುಕಾಲ ಕೇಳಿದವರಿಗೆ ಉತ್ತರವೊಂದು ದೊರೆಯಿತು.